ಒಲೆ ಹೊರಗಿಟ್ಟ ದಿನ

ಬೈಲಹೊಂಗಲದ ಶೋರೂಮಿನಲ್ಲಿ ಪೂನಮ್ ಆ ಕಪ್ಪು ಗಾಡಿಯ ಮೇಲೆ ಹತ್ತಿ ಇಳಿದದ್ದು ಅದು ನಾಲ್ಕನೆಯ ಸಲ. ಮೊದಲ ದಿನ ಅಂಗಡಿಯವರು ಸ್ಕೂಟಿಗಳ ಸಾಲಿನತ್ತ ಕೈ ತೋರಿಸಿ, "ಲೇಡೀಸ್ ಗಾಡಿ ಆ ಕಡೆ ಅದಾವ್ರಿ" ಎಂದಿದ್ದರು. ಅವಳು ಅತ್ತ ತಿರುಗಿಯೂ ನೋಡದೆ ಕಪ್ಪು ಗಾಡಿಯ ಸ್ಟ್ಯಾಂಡ್ ತೆಗೆದು, ಎಡಗಾಲಿನಿಂದ ಗೇರು ತಡವಿ ನೋಡಿದ ಮೇಲೆ ಸುಮ್ಮನಾದರು. ಮುಂಗಡಕ್ಕೆ ಹಣವಿತ್ತು, ಓಡಿಸಲು ಲೈಸೆನ್ಸ್ ಇತ್ತು, ತಿಂಗಳ ಪಗಾರ ಇತ್ತು. ಇಲ್ಲದ್ದು ವಿಳಾಸ ಒಂದೇ.

ಹಾಗಂತ ಅವಳೇನು ಬೀದಿಯಲ್ಲಿ ಮಲಗುವವಳಲ್ಲ. ಇಪ್ಪತ್ತೆರಡು ತಿಂಗಳಿಂದ ಇದೇ ಊರಿನಲ್ಲಿ ಮುದಕವ್ವನ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದಳು. ಅಲ್ಲಿ ಉಂಡಳು, ಮಲಗಿದಳು, ಜ್ವರ ಬಂದಾಗ ನರಳಿದಳು. ಆದರೆ ಇದನ್ನು ಓಣಿಯ ನಾಯಿಯೊಂದು ಬಿಟ್ಟರೆ ಬೇರೆ ಯಾರೂ ಬರೆದು ಕೊಡಲು ತಯಾರಿರಲಿಲ್ಲ. ನಾಯಿಗೆ ಸಹಿ ಮಾಡಲು ಬರುವುದಿಲ್ಲ. ನಮ್ಮ ಕಾಲದಲ್ಲಿ ಮನುಷ್ಯನಿಗಿಂತ ಅವನ ಝೆರಾಕ್ಸಿಗೆ ಮರ್ಯಾದೆ ಜಾಸ್ತಿ, ಏನು ಮಾಡುವುದು!

ಅವಳ ಆಧಾರ್ ಕಾರ್ಡಿನಲ್ಲಿ ಇದ್ದದ್ದು ಅಥಣಿ ಕಡೆಯ ಒಂದು ಹಳ್ಳಿಯ ಮನೆ, ಗಂಡನ ಮನೆ. ಆ ಗಂಡ ಹೊಡೆಯುವವನಲ್ಲ, ಕುಡಿಯುವವನಲ್ಲ. ಬೆಳಿಗ್ಗೆ ಸಕ್ಕರೆ ಕಾರ್ಖಾನೆಯ ಕೆಲಸಕ್ಕೆ ಹೋಗುವಾಗ ಹೊರಗಿನಿಂದ ಬೀಗ ಹಾಕಿ ಹೋಗುತ್ತಿದ್ದ, ಅಷ್ಟೇ. "ಕಾಲ ಕೆಟ್ಟದ" ಎನ್ನುತ್ತಿದ್ದ. ಎರಡು ವರ್ಷ ಒಳಗೆ ಕೂತು ಬೀಗದ ಸಪ್ಪಳ ಕೇಳಿದ ಪೂನಮ್, ಒಂದು ದಿನ ಅವನು ಬೀಗ ಹಾಕುವುದು ಮರೆತಾಗ ತನ್ನ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾದ ಸರ್ಟಿಫಿಕೇಟು, ಎರಡು ಸೀರೆ ಚೀಲಕ್ಕೆ ಹಾಕಿಕೊಂಡು ಹೊರಬಿದ್ದಳು. ಆ ಮನೆಗೆ ತಿರುಗಿ ಹೋಗುವುದಿಲ್ಲ ಎಂದು ಅಂದೇ ತೀರ್ಮಾನಿಸಿದ್ದಳು. ಆದರೆ ಕಾರ್ಡಿನ ಪ್ರಕಾರ ಇನ್ನೂ ಅಲ್ಲೇ ಇದ್ದಳು.

ಈಗ ಅವಳದು ಹಾಲಿನ ಡೈರಿಗಳ ಕೆಲಸ. ಹಳ್ಳಿ ಡೈರಿಯಲ್ಲಿ ಹಾಲಿನ ಫ್ಯಾಟ್ ನೋಡುವ ಪೆಟ್ಟಿಗೆಯಂಥ ಮಷಿನ್ ಇರುತ್ತದಲ್ಲ, ಅದು ಕೆಟ್ಟರೆ ರಿಪೇರಿ ಮಾಡುವವಳು ಇವಳು. ಮಷಿನ್ ಕೆಟ್ಟಿತೆಂದರೆ ಡೈರಿಯ ಮುಂದೆ ಜಗಳ ಶುರು. ಯಾರ ಹಾಲು ಗಟ್ಟಿ, ಯಾರದು ನೀರು ಎಂದು ಹೇಳುವವರಿಲ್ಲದೆ ಕ್ಯಾನುಗಳು ಬಿಸಿಲಿಗೆ ಬಿದ್ದಿರುತ್ತವೆ. ಪೂನಮ್ ಹನ್ನೆರಡು ಕಿಲೋದ ರಿಪೇರಿ ಸಾಮಾನಿನ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತಿರುಗುತ್ತಿದ್ದಳು. ಒಮ್ಮೆ ಮುನವಳ್ಳಿ ಮುಟ್ಟುವ ಹೊತ್ತಿಗೆ ಅರವತ್ತು ಲೀಟರ್ ಹಾಲು ಒಡೆದುಹೋಗಿತ್ತು. ಅಲ್ಲಿಯ ಹೆಂಗಸರು ಬೈಯಲಿಲ್ಲ, ಸುಮ್ಮನೆ ಒಡೆದ ಹಾಲನ್ನು ಅವಳ ಮುಂದೆಯೇ ಗಟಾರಕ್ಕೆ ಚೆಲ್ಲಿದರು. ಬೈದಿದ್ದರೆ ಚೆನ್ನಾಗಿತ್ತು.

ಹುಬ್ಬಳ್ಳಿಯ ಆಫೀಸಿನ ಸಾಹೇಬ ಗೌರೀಶ ಆ ಮೇಲೆ ಫೋನಿನಲ್ಲಿ ಹೇಳಿದ್ದ: "ನೋಡ್ರಿ, ಕಿತ್ತೂರು, ಸವದತ್ತಿ, ರಾಮದುರ್ಗ, ಮೂರೂ ಲೈನಿನ ಡೈರಿ ನಿಮಗ ಕೊಡತೇನಿ. ನೌಕರಿನೂ ಪರ್ಮನೆಂಟ್. ಆದ್ರ ಒಂದನೇ ತಾರೀಖಿನೊಳಗ ಸ್ವಂತ ಗಾಡಿ ಬೇಕು, ನಿಮ್ಮ ಹೆಸರಲೆ. ಇಲ್ಲಾಂದ್ರ ಗಾಡಿ ಇದ್ದವರಿಗೆ ಕೊಡೂದು ನನಗ ಅನಿವಾರ್ಯ."

ಪರ್ಮನೆಂಟ್ ಎಂದರೆ ಅವಳಿಗೆ ಬರೀ ಪಗಾರವಲ್ಲ. ಗಾಡಿಯ ಕೀಲಿ ತನ್ನ ಕೈಯಲ್ಲಿದ್ದು, ಬೇಕಾದಾಗ ಹೊರಟು ಬೇಕಾದಾಗ ಬರುವ ಬದುಕು. ಅದನ್ನು ನೆನೆದರೆ ಎದೆ ಹಿಗ್ಗುತ್ತಿತ್ತು.

ಶೋರೂಮಿನ ಮಾಂತೇಶ ಒಳ್ಳೆಯವನೇ. ಟೇಬಲ್ಲಿನ ಮೇಲೆ ಕಾಗದ ಹರಡಿ ಹೇಳಿದ: "ಅಕ್ಕಾರ, ಅಥಣಿ ಅಡ್ರೆಸ್ಸಿಗೆ ಗಾಡಿ ಪಾಸಿಂಗ್, ಅಂದ್ರ ರಜಿಸ್ಟ್ರೇಶನ್, ಮಾಡಿಸಬಹುದು. ಆದ್ರ ಆರ್‌ಸಿ ಕಾರ್ಡು ಪೋಸ್ಟಿನ್ಯಾಗ ಆ ಮನಿಗೇ ಹೋಗತೈತಿ."

"ಅಲ್ಲಿಗಿ ಹೋಗಬಾರದು."

"ಹಂಗಾರ ಮನಿ ಮಾಲಕರ ಕಡಿಂದ ಬಾಡಗಿ ಕರಾರುಪತ್ರ ತರ್ರಿ. ಪುರಸಭೆಗಿ ಮನಿ ಪಟ್ಟಿ ತುಂಬಿದ ತೆರಿಗಿ ಪಾವತಿ ಒಂದು. ಮುಗೀತು."

ಮುಗೀತು ಎಂದ ಪುಣ್ಯಾತ್ಮ. ಅವನಿಗೆ ಮುದಕವ್ವ ಗೊತ್ತಿರಲಿಲ್ಲ.

ಮುದಕವ್ವನಿಗೆ ಎಪ್ಪತ್ತು ದಾಟಿತ್ತು. ಕಣ್ಣು ಚುರುಕು, ಕೈ ಬಿಗಿ, ಸೊಂಟದಲ್ಲಿ ಕೀಲಿಗೊಂಚಲು. ನಾಲ್ಕು ಕೋಣೆ ಬಾಡಿಗೆ ಕೊಟ್ಟಿದ್ದಳು, ನಾಲ್ಕಕ್ಕೂ ಒಂದು ಚೀಟಿಯಿಲ್ಲ. ಬಾಡಿಗೆ ಕೈಗೆ ಕೊಡಬೇಕು, ಫೋನಿನಲ್ಲಿ ಕಳಿಸುವಂತಿಲ್ಲ, ಏಕೆಂದರೆ ಫೋನಿನಲ್ಲಿ ಹೆಸರು ಉಳಿಯುತ್ತದೆ. ಬಾಗಿಲ ಮೇಲೆ ಬಾಡಿಗೆಯವರು ಹೆಸರಿನ ಫಲಕ ಹಾಕುವಂತಿಲ್ಲ. ಎಲ್ಲಕ್ಕಿಂತ ದೊಡ್ಡ ಪದ್ಧತಿ ಒಲೆಯದು. ಹನ್ನೊಂದು ತಿಂಗಳಿಗೊಮ್ಮೆ, ಬಾಡಿಗೆಗೆ ಬಂದ ತಾರೀಖಿನಂದು, ಬಾಡಿಗೆಯವರು ತಮ್ಮ ಒಲೆ ಮತ್ತು ನೀರಿನ ಕೊಡ ಹೊರಗೆ ಬೀದಿಗೆ ತಂದಿಡಬೇಕು. ಮುದಕವ್ವ ಕೋಣೆಗೆ ತನ್ನ ಬೀಗ ಹಾಕುತ್ತಾಳೆ. ಒಂದು ಹಗಲು ಒಂದು ರಾತ್ರಿ ಎಲ್ಲಾದರೂ ಇದ್ದು, ಮರುದಿನ ಹೊಸದಾಗಿ ಬಂದವರ ಹಾಗೆ ಒಲೆ ಹೊತ್ತುಕೊಂಡು ಒಳಗೆ ಬರಬೇಕು. ಹಾಗೆ ಮಾಡಿದರೆ ಯಾರೂ ಸತತವಾಗಿ ಇದ್ದಂತಾಗುವುದಿಲ್ಲ, ಹಕ್ಕು ಕೇಳಲು ಬರುವುದಿಲ್ಲ ಎನ್ನುವುದು ಅವಳು ತಾನೇ ಕಟ್ಟಿದ ಕಾಯ್ದೆ. ವಕೀಲರು ನಗುತ್ತಿದ್ದರು. ಎದುರು ಮನೆಯ ಬಿಬಿಜಾನ ಮಾತ್ರ ನಗುತ್ತಿರಲಿಲ್ಲ. ಹೊಲಿಗೆ ಮಷಿನ್ನಿನ ಹಿಂದೆ ಕೂತು ಇಪ್ಪತ್ತು ವರ್ಷದಿಂದ ಬೀದಿಗೆ ಬಂದ ಒಲೆಗಳನ್ನು ನೋಡಿದವಳು ಅವಳು.

"ಹೋದ ಸರತಿ ನಮ್ಮ ಮನ್ಯಾಗ ಮಲಗಿದ್ಯಲ್ಲ, ಈ ಸರತೀನೂ ಬಾ" ಎಂದಿದ್ದಳು ಬಿಬಿಜಾನ. "ಮುದುಕಿ ಬಾಕಿ ಎಲ್ಲಾ ಛಲೋ. ಕಾಗದದ ಹಾಳಿ ಕಂಡ್ರಷ್ಟ ಹಾವ ಕಂಡಂಗ ಮಾಡತಾಳ."

ಪೂನಮಳಿಗೆ ಒಲೆಯ ಚಿಂತೆ ಇರಲಿಲ್ಲ. ಆ ಬೀಗದ ಸಪ್ಪಳ ಮಾತ್ರ ತಾಳಲಾಗುತ್ತಿರಲಿಲ್ಲ. ಹೋದ ಸಲ ಮುದಕವ್ವ ಬೀಗ ಒತ್ತಿದಾಗ ಅವಳು ಬೀದಿಯಲ್ಲಿ ನಿಂತಿದ್ದರೂ ಒಳಗೆ ಸಿಕ್ಕಿಬಿದ್ದವಳ ಹಾಗೆ ಬೆವತಿದ್ದಳು.

ಕರಾರುಪತ್ರದ ಮಾತು ತೆಗೆದ ದಿನ ಮುದಕವ್ವ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು.

"ಬರೇ ಹೆಸರ ರೀ ಆಯಿ, ಮತ್ತೇನೂ ಬ್ಯಾಡ" ಎಂದಳು ಪೂನಮ್. "ಗಾಡಿ ಸಲುವಾಗಿ."

ಮುದಕವ್ವನ ಕೈ ನಿಂತಿತು. ಯಾರೋ ಕೆನ್ನೆಗೆ ಬಾರಿಸಿದ ಹಾಗೆ ಮುಖ ಮೇಲೆತ್ತಿ ನೋಡಿದಳು.

"ಏನಂದಿ?"

"ಬರೇ ಹೆಸರು..."

"ಹೆಸರ ಬರಿಯೂದಿಲ್ಲ. ಬೇಕಾದ್ರ ಇರು, ಬ್ಯಾಡಾದ್ರ ಬಿಡು." ಶೇಂಗಾದ ಮೊರ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಸರಿ, ಪೂನಮ್ ಬೇರೆ ದಾರಿ ಹುಡುಕಿದಳು. ಆಧಾರ್ ಕೇಂದ್ರದಲ್ಲಿ ವಿಳಾಸ ಬದಲಿಸಲು ಹೋದರೆ ಬಾಡಿಗೆ ಕರಾರುಪತ್ರ ಕೇಳಿದರು. ಗ್ಯಾಸಿನ ಪುಸ್ತಕ ನಡೆಯುತ್ತದೆಂದು ಗ್ಯಾಸಿನವರ ಹತ್ತಿರ ಹೋದರೆ ಅವರು ಈ ಊರಿನ ಆಧಾರ್ ಕೇಳಿದರು. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ವಿಳಾಸ ಬದಲಿಸಿ ಕೊಡಿ ಎಂದರೆ, ಆಧಾರ್ ಬದಲಾದರೆ ಇದೂ ತಾನಾಗಿಯೇ ಬದಲಾಗುತ್ತದೆ ಎಂದು ಬ್ಯಾಂಕಿನವರು ಸಮಾಧಾನ ಹೇಳಿದರು. ಗಾಣದ ಎತ್ತಿಗಾದರೂ ಒಂದಿಷ್ಟು ಎಣ್ಣೆ ಕಾಣಿಸುತ್ತದೆ, ಇವಳಿಗೆ ಅದೂ ಇಲ್ಲ. ಕೊನೆಗೆ ವಾರ್ಡಿನ ಸದಸ್ಯ ನಿಜಗುಣಪ್ಪನ ಮನೆಗೆ ಹೋದಳು. ಅವನು ಚಹಾ ಕುಡಿಸಿ, ತಲೆ ಕೆರೆದುಕೊಂಡು, "ನೀ ಅಲ್ಲಿ ಇರೂದು ನನಗ ಗೊತ್ತೈತಿ ತಂಗಿ. ಆದ್ರ ಮುದಕವ್ವ ಹೂಂ ಅನ್ನದ ನಾ ಬರದ ಕೊಟ್ರ, ಅಕಿ ನಾಳೆ ನನ್ನ ಬಾಗಿಲ ಮುಂದ ಕುಂತು ಶಂಖ ಹೊಡೀತಾಳ" ಎಂದ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ದೇವರೂ ಮುದಕವ್ವನೇ, ಪೂಜಾರಿಯೂ ಮುದಕವ್ವನೇ.

ತಿಂಗಳ ಕೊನೆ ಹತ್ತಿರ ಬಂತು. ಇನ್ನು ಹತ್ತೇ ದಿನ ಎನ್ನುವಾಗ ಪೂನಮ್ ಮತ್ತೆ ಮುದಕವ್ವನ ಮುಂದೆ ಕಟ್ಟೆಯ ಮೇಲೆ ಕೂತಳು. ಈ ಸಲ ಬೇಡಲಿಲ್ಲ, ಅತ್ತುಬಿಟ್ಟಳು. ಬೀಗದ ಗಂಡನ ಕಥೆ, ಮುನವಳ್ಳಿಯ ಒಡೆದ ಹಾಲು, ಒಂದನೇ ತಾರೀಖು, ಎಲ್ಲ ಒಂದೇ ಉಸಿರಿನಲ್ಲಿ ಹೇಳಿದಳು. "ನಾ ನಿಮ್ಮ ಮನಿ ತಗೊಂಡ ಏನ ಮಾಡ್ಲಿ ಆಯಿ? ನನ್ನ ಮ್ಯಾಲೆ ಅಷ್ಟೂ ವಿಶ್ವಾಸ ಇಲ್ಲೇನ?"

ಮುದಕವ್ವ ಸೆರಗಿನಿಂದ ಬಾಯಿ ಒರೆಸಿಕೊಂಡು ಹೇಳತೊಡಗಿದಳು.

"ನಿನ್ನ ಮ್ಯಾಲೆ ವಿಶ್ವಾಸ ಐತಿ. ನನ್ನ ಮ್ಯಾಲಿಂದ ಹೋಗೇತಿ. ನಾ ಆಗ ಇಪ್ಪತ್ತರಾಕಿ. ಸಂಪಗಾಂವದಾಗ ನಮ್ಮ ಮಾವ ಮಾಳಪ್ಪ ಗಂಗೂಬಾಯಿ ಅನ್ನಾಕಿ ಹೊಲಾ ಪಾಲಿಗಿ ಮಾಡ್ತಿದ್ದ. ನಾಕ ಎಕರೆ. ಗಂಗೂಬಾಯಿ ಗಂಡ ಸತ್ತಾಕಿ, ಮಕ್ಕಳಿಲ್ಲ. ನನ್ನ ಕಂಡ್ರ ಭಾಳ ಪ್ರೀತಿ, ಉಂಡಿ ಮಾಡಿದ್ರ ನನಗೊಂದು ತಗದ ಇಡಾಕಿ. ಸೊಸಾಯಿಟಿ ಗೊಬ್ಬರ ಬೇಕಂದ್ರ ಉತಾರದಾಗ, ಪಹಣಿ ಅಂತಾರಲ್ಲ, ಅದರಾಗ ಮಾಡಾವನ ಹೆಸರ ಇರಬೇಕಾಗಿತ್ತು. ಮಾವ ನನ್ನ ಕಳಿಸಿದ. ನಾ ಹೋಗಿ ಏನಂದ್ನಿ ಗೊತ್ತೇನ? ಬರೇ ಹೆಸರ ರೀ ಬಾಯಿ, ಮತ್ತೇನೂ ಬ್ಯಾಡ, ಅಂದ್ನಿ."

ಕಟ್ಟೆಯ ಮುಂದೆ ತಾನಾಡಿದ್ದೂ ಅದೇ ಮಾತೆಂದು ಪೂನಮಳಿಗೆ ನೆನಪಾಯಿತು.

"ಬರಿಸಿದಳು. ಎರಡ ವರ್ಷಕ್ಕ ಕಾಯ್ದೆ ಬಂತು, ಉಳಾವನಽ ಒಡೆಯಾ ಅಂತ. ಕಚೇರಿ ಸಾಹೇಬ ಉತಾರ ನೋಡಿದ, ಮಾವನ ಹೆಸರ ಇತ್ತು. ಗಂಗೂಬಾಯಿ ಕಚೇರಿಗಿ ಬಂದಿದ್ದಳು. ಬೈಲಿಲ್ಲ. ನನ್ನ ಕಡೆ ತಿರುಗಿ, ನೀನರ ಹೇಳ ಮುದಕವ್ವಾ, ನಾ ಹೊಲಾ ಕೊಟ್ಟೇನೇನ, ಅಂತ ಕೇಳಿದಳು. ನಾ ಮಾತಾಡ್ಲಿಲ್ಲ. ಹೊಲಾ ಮಾವಂದಾತು, ಮುಂದ ಅದನ್ನ ಮಾರಿ ಈ ಮನಿ ತಗೊಂಡ್ವಿ. ನೀ ಕುಂತ ಕಟ್ಟಿ ಐತಲ್ಲ, ಅದೂ ಆಕೀದ."

ಆ ಕಾಯ್ದೆ ಸಾವಿರಾರು ಮನೆಗೆ ಅನ್ನ ಹಾಕಿದ ಕಾಯ್ದೆ, ಅದರ ತಪ್ಪೇನಿಲ್ಲ. ಹತ್ತಿಪ್ಪತ್ತು ಕೂರಿಗೆ ಹೊಲ ಇಟ್ಟುಕೊಂಡು ಮೀಸೆ ತಿರುವುತ್ತಿದ್ದವರಿಗೆ ಬುದ್ಧಿ ಕಲಿಸಿತು. ಆದರೆ ನಾಲ್ಕೆಕರೆಯ ಗಂಗೂಬಾಯಿಯ ವಿಷಯಕ್ಕೆ ಮುದಕವ್ವನ ಬಾಯಿ ಅಂದು ಮುಚ್ಚಿದ್ದು ಕಾಯ್ದೆಯಲ್ಲ. ಅದು ಅವಳಿಗೆ ಐವತ್ತು ವರ್ಷದಿಂದ ಗೊತ್ತಿತ್ತು.

"ನಾ ಕೆಟ್ಟಾಕಿ ಇದ್ದಿಲ್ಲ" ಎಂದಳು. "ನಿನ್ನಂಗಽ ಇದ್ದೆ. ಸುಳ್ಳ ಹೇಳಿದ್ದಿಲ್ಲ, ಖರೇನಽ ಹೆಸರಷ್ಟ ಬೇಕಾಗಿತ್ತು. ಆಮ್ಯಾಲೆ ಆಸೆ ಬಂತು. ನಿನಗ ಬರೂದಿಲ್ಲ ಅಂತ ನೀನೂ ಹೇಳಾಕ ಬರೂದಿಲ್ಲ."

ತಾನು ಪ್ರಾಮಾಣಿಕಳು ಎಂದು ಪೂನಮ್ ಎಷ್ಟು ಬಾಯಿ ಬಿಟ್ಟು ಹೇಳಿದರೂ ಅದು ಆ ಇಪ್ಪತ್ತರ ಹುಡುಗಿಯ ಮಾತೇ ಆಗುತ್ತಿತ್ತು. ತನ್ನ ಸತ್ಯವೇ ತನಗೆ ಅಡ್ಡ ನಿಂತದ್ದನ್ನು ಕಂಡು ಅವಳಿಗೆ ಅಳು ಕೂಡ ನಿಂತುಹೋಯಿತು. ಎದ್ದು ಹೊರಟಳು.

ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಮುದಕವ್ವ ಕರೆದಳು. "ಯವ್ವಾ, ಕೇಳಿಲ್ಲೆ. ಹಾಳಿ ಮ್ಯಾಲೆ ಬರದ ಕೊಡೂದಿಲ್ಲ. ಆದ್ರ ಯಾರರ ಬಂದ ಕೇಳಿದ್ರ, ಹೌದ, ಇಲ್ಲೇ ಅದಾಳ ಅಂತ ಬಾಯ್ಲೆ ಹೇಳತೇನಿ. ಬಾಯಿ ಮಾತಿಗಿ ಕೋರ್ಟ್ ಇಲ್ಲ."

ಮರುದಿನ ಪೂನಮ್ ಓಡಿ ಹೋಗಿ ಮಾಂತೇಶನಿಗೆ ಹೇಳಿದಳು. ಅವನ ಮುಖ ಅರಳಿತು. "ಸಾಕಽಲ್ಲರಿ! ಕಂತಿನ ಮ್ಯಾಲೆ ಗಾಡಿ ತಗೋಳ್ರಿ. ಫೈನಾನ್ಸಿನವರು ಮನಿ ನೋಡಾಕ ಒಬ್ಬನ್ನ ಕಳಸ್ತಾರ. ಅಂವ ಮಾಲಕರನ್ನ ಬಾಯ್ಲೆ ಕೇಳ್ತಾನ, ಬಾಗಿಲ ಮುಂದ ಒಂದ ಫೋಟೋ ಹೊಡಕೋತಾನ, ಆತು. ಅವನ ರಿಪೋರ್ಟಿಗೆ ನಿಮ್ಮದೊಂದು ಅಫಿಡವಿಟ್ ಹಚ್ಚಿದ್ರ ಪಾಸಿಂಗ್ ಮಾಡಿಸಿಕೊಡೂದು ನನ್ನ ಜವಾಬ್ದಾರಿ. ಬರೂ ಮುಂದ ಅವರಽ ಫೋನ್ ಮಾಡತಾರ."

ಪೂನಮ್ ಅಂದು ಐದನೆಯ ಸಲ ಆ ಗಾಡಿಯ ಮೇಲೆ ಕೂತಳು. ಮನಸ್ಸಿನಲ್ಲಿಯೇ ಯರಗಟ್ಟಿ ದಾಟಿ, ಮುನವಳ್ಳಿ ದಾಟಿ, ಸವದತ್ತಿಯ ಏರು ಹತ್ತಿ, ರಾಮದುರ್ಗ ಮುಟ್ಟಿ ಬಂದಳು.

ಮಾಲಕಿ ಬಾಯಿಂದ ಹೂಂ ಎನ್ನಬೇಕು, ಅಷ್ಟೇ ಉಳಿದದ್ದು. ಒಂದೇ ಮುಳ್ಳು: ಇಪ್ಪತ್ತೆಂಟನೇ ತಾರೀಖು ಒಲೆ ಹೊರಗಿಡುವ ದಿನ. ಈ ಸಲ ನಾಲ್ಕು ದಿನ ಮುಂದೂಡಿ ಎಂದು ಕೇಳೋಣವೇ ಎಂದುಕೊಂಡಳು. ಎರಡು ಸಲ ಕಟ್ಟೆಯ ತನಕ ಹೋಗಿ ತಿರುಗಿ ಬಂದಳು. ಆ ಮಾತು ಎತ್ತಿದರೆ ಮುದುಕಿಗೆ ಮತ್ತೆ ಸಂಶಯ ಹತ್ತಿ, ಕೊಟ್ಟ ಬಾಯಿಮಾತನ್ನೂ ವಾಪಸ್ ತೆಗೆದುಕೊಂಡರೆ? ಬರುವ ಮುಂಚೆ ಫೋನ್ ಮಾಡುತ್ತಾರಲ್ಲ, ಅಂದು ಬೇಡ ಎಂದರಾಯಿತು.

ಇಪ್ಪತ್ತೆಂಟರ ಬೆಳಿಗ್ಗೆ ಅವಳು ಗ್ಯಾಸಿನ ಸಣ್ಣ ಒಲೆ, ತಾಮ್ರದ ಕೊಡ ಹೊರಗೆ ತಂದಿಟ್ಟಳು. ಮುದಕವ್ವ ಬೀಗ ಒತ್ತಿದಳು. ಪೂನಮ್ ಕಿವಿ ಮುಚ್ಚಿಕೊಳ್ಳಲಿಲ್ಲ, ಇದು ಕೊನೆಯ ಸಲ ಎಂದುಕೊಂಡಳು. ಬಿಬಿಜಾನ ಹೊಲಿದ ಬಟ್ಟೆ ಕೊಡಲು ಕಿತ್ತೂರಿಗೆ ಹೋಗುವವಳಿದ್ದಳು. ಪೂನಮಳಿಗೆ ಮುನವಳ್ಳಿ ಡೈರಿಯಿಂದ ಫೋನ್ ಬಂದಿತ್ತು.

ಕೆಲಸ ಮುಗಿಸಿ ತಿರುಗಿ ಬರುವಾಗ ಬಸ್ಸು ಮುರಗೋಡದಲ್ಲಿ ನಿಂತಿತ್ತು. ಡ್ರೈವರ್ ಚಹಾಕ್ಕೆ ಇಳಿದಿದ್ದ. ಸಾಮಾನಿನ ಪೆಟ್ಟಿಗೆ ತೊಡೆಯ ಮೇಲೆ, ಫೋನು ಪೆಟ್ಟಿಗೆಯ ಮೇಲೆ. ಅದು ನಡುಗಿತು.

"ಮೇಡಂ, ಉಮೇರ ಅಂತ್ರಿ, ಫೈನಾನ್ಸ್ ವೆರಿಫಿಕೇಶನ್ ಹುಡುಗ. ನಿಮ್ಮ ಮನಿ ಮುಂದ ನಿಂತೇನಿ. ಬೀಗ ಐತಲ್ರಿ."

ಪೂನಮ್ ಫೋನನ್ನು ಕಿವಿಗೆ ಒತ್ತಿಕೊಂಡಳು. "ಇವತ್ತ ಯಾಕ ಬಂದ್ರಿ? ಮೊದ್ಲ ಫೋನ್ ಮಾಡ್ತೇವಿ ಅಂದಿದ್ರಲ್ಲ!"

"ಮಾಡೀನಿ ಮೇಡಂ, ಮುಂಜಾನಿಂದ ಮೂರ ಸಲ. ರೇಂಜ್ ಇದ್ದಿಲ್ಲ. ಇವತ್ತ ಆಗಲಿಲ್ಲಾಂದ್ರ ನಿಮ್ಮ ಫೈಲ್ ಮುಂದಿನ ತಿಂಗಳಿಗಿ ಹೋಗತೈತ್ರಿ. ನೀವ ಬಾಗಿಲಕ ನಿಂತ ಫೋಟೋ ಬೇಕಿತ್ತು."

"ಮುರಗೋಡದಾಗ ಅದೇನಿ. ಮುಕ್ಕಾಲು ತಾಸು ತಡೀರಿ."

"ಇನ್ನ ನಾಕ ಮನಿ ಅದಾವ್ರಿ, ಆಗೂದಿಲ್ಲ. ಒಂದ ಕೆಲಸ ಮಾಡ್ತೇನಿ, ಮಾಲಕರು ಹೂಂ ಅಂದ್ರ ಅದರ ಮ್ಯಾಲೆ ನಡಸ್ತೇನಿ. ಇಲ್ಲೇ ಅಜ್ಜಿ ಕುಂತಾರ, ಕೇಳ್ಲಿ?"

"ಕೇಳ್ರಿ, ಕೇಳ್ರಿ. ಅವ್ರ ಹೇಳ್ತಾರ."

ಫೋನ್ ಬಂದ್ ಆಗಲಿಲ್ಲ. ಹುಡುಗ ಅದನ್ನು ಕೈಯಲ್ಲಿ ಹಿಡಿದೇ ಕೇಳಿದ. ಪೂನಮ್ ಇನ್ನೊಂದು ಕಿವಿಗೆ ಬೆರಳು ಇಟ್ಟುಕೊಂಡು ಆಲಿಸಿದಳು.

"ಅಜ್ಜಿ, ಈ ಕೋಣ್ಯಾಗ ಬಾಡಗಿಗಿ ಯಾರ ಅದಾರ್ರಿ? ಸ್ವಲ್ಪ ಇತ್ತ ನೋಡ್ರಿ, ಇದರಾಗ ರೆಕಾರ್ಡ್ ಆಗತೈತಿ."

ಮುದಕವ್ವನ ಧ್ವನಿ ಬಂತು, ಕಚೇರಿಯಲ್ಲಿ ನಿಂತವಳ ಧ್ವನಿಯ ಹಾಗೆ: "ಇವತ್ತ ಯಾರೂ ಇಲ್ಲಪಾ. ಬೀಗ ನಂದ ಐತಿ. ಒಲಿ ಹೊರಗ ಐತಿ ನೋಡ."

"ಆಯೀ!" ಎಂದು ಪೂನಮ್ ಬಸ್ಸಿನಲ್ಲಿ ಕೂಗಿದಳು. ಪಕ್ಕದವರೆಲ್ಲ ತಿರುಗಿ ನೋಡಿದರು. ಫೋನ್ ಕಡಿದುಹೋಯಿತು. ಮತ್ತೆ ಹಚ್ಚಿದಾಗ ಉಮೇರ ಎತ್ತಿದ. ಅವನ ದನಿಯಲ್ಲಿ ಕರುಣೆ ಇತ್ತು, ಅವಸರವೂ ಇತ್ತು. "ರಿಪೋರ್ಟ್ ಹಾಕಿಬಿಟ್ಟೇನ್ರಿ ಮೇಡಂ. ಬೀಗದ ಫೋಟೋ, ಒಲಿ ಫೋಟೋ, ಅಜ್ಜಿ ಮಾತು. ಹೋತು. ಇನ್ನ ನನ್ನ ಕೈಯಾಗ ಇಲ್ಲ."

ಮುರಗೋಡದಿಂದ ಬೈಲಹೊಂಗಲಕ್ಕೆ ಬಸ್ಸು ಅಂದು ಎಷ್ಟು ಹೊತ್ತು ಓಡಿತೋ ಅವಳಿಗೆ ತಿಳಿಯಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಸಿಟ್ಟು ಯಾರ ಮೇಲೆ ಮಾಡುವುದು? ಕಿಟಕಿಯ ಹೊರಗೆ ಹುಡುಗರು ಮೂರು ಮೂರು ಮಂದಿ ಒಂದೊಂದು ಗಾಡಿಯ ಮೇಲೆ ಹೊರಟಿದ್ದರು. ಅವರ ಮೇಲೆಯೇ ಸಿಟ್ಟು ಬಂತು.

ಓಣಿಗೆ ಬಂದಾಗ ಮುದಕವ್ವ ಕಟ್ಟೆಯ ಮೇಲೆ ಹಾಗೇ ಕೂತಿದ್ದಳು. ಒಲೆ ಬೀದಿಯಲ್ಲಿತ್ತು.

"ಬಾಯ್ಲೆ ಹೂಂ ಅಂತೇನಿ ಅಂದಿದ್ರಿ" ಎಂದಳು ಪೂನಮ್. ಧ್ವನಿ ಏರಲಿಲ್ಲ, ಏರಿಸುವಷ್ಟು ಶಕ್ತಿ ಇರಲಿಲ್ಲ.

"ನಾ ಸುಳ್ಳ ಹೇಳ್ಲಿಲ್ಲ. ಇವತ್ತ ನೀ ಒಳಗ ಇಲ್ಲಲ್ಲ? ಒಲಿ ಹೊರಗ ಇಟ್ಟ ದಿನಾ ಅದಾಳ ಅಂದ್ರ ಇಷ್ಟ ವರ್ಷ ಮಾಡಿದ್ದೆಲ್ಲಾ ನೀರಾಗ ಹೋದಂಗ. ಅಂವ ರೆಕಾರ್ಡ್ ಅಂದ. ನನಗ ಆ ಕಚೇರಿ ಕಣ್ಣ ಮುಂದ ಬಂತು." ಮುದುಕಿ ಸೊಂಟದ ಕೀಲಿಗೊಂಚಲು ಹಿಡಿದುಕೊಂಡಳು. "ನಾಳೆ ಬರ್ಲಿ, ನಾಳೆ ನೂರ ಸಲ ಹೂಂ ಅಂತೇನಿ."

"ನಾಳೆ ಬರೂದಿಲ್ಲ ಆಯಿ. ಮುಗೀತು. ನನಗ ಗಾಡಿ ಇಲ್ಲ, ಲೈನ್ ಇಲ್ಲ, ನೌಕರೀನೂ ಪಕ್ಕಾ ಇಲ್ಲ."

ಮುದಕವ್ವ ನಂಬದವಳ ಹಾಗೆ ನೋಡಿದಳು. "ನಾ ಅಂದದ್ದು ಬರೇ ಎರಡ ಮಾತಲ್ಲ?"

"ಗಂಗೂಬಾಯಿ ಕೇಳಿದಾಗ ನೀವ ಒಂದೂ ಅಂದಿದ್ದಿಲ್ಲ" ಎಂದುಬಿಟ್ಟಳು ಪೂನಮ್.

ಅಂದ ಕೂಡಲೇ ನಾಲಿಗೆ ಕಚ್ಚಿಕೊಂಡಳು. ಆದರೆ ಅಂದದ್ದು ಅಂದದ್ದೇ. ಮುದಕವ್ವ ಎದ್ದಳು. ಸೊಂಟದ ಕೀಲಿ ತೆಗೆದು, ಎರಡು ಸಲ ತಪ್ಪಿಸಿ, ಮೂರನೆಯ ಸಲಕ್ಕೆ ಬೀಗ ತೆಗೆದಳು. ಬೀದಿಗಿಳಿದು ಆ ಒಲೆಗೆ ಕೈ ಹಚ್ಚಿದಳು. ಇಷ್ಟು ವರ್ಷದಲ್ಲಿ ಒಲೆ ಹೊರಗಿಟ್ಟ ದಿನವೇ ಒಳಗೆ ಬಂದದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ಹತ್ತಕ್ಕೆ ಫೈನಾನ್ಸ್ ಆಫೀಸಿನ ಬಾಗಿಲು ತೆಗೆಯುವ ಮೊದಲೇ ಮುದಕವ್ವ ಮೆಟ್ಟಿಲ ಮೇಲೆ ಕೂತಿದ್ದಳು. ಬಗಲಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಅದರಲ್ಲಿ ಮನೆಪಟ್ಟಿಯ ಪಾವತಿಗಳು, ಟ್ರಂಕಿನ ತಳದಿಂದ ತೆಗೆದವು. ಪೂನಮ್ ಬರುವುದಿಲ್ಲ ಎಂದಿದ್ದಳು. ಗೌರೀಶನ ಫೋನ್ ಬೆಳಿಗ್ಗೆಯೇ ಬಂದಿತ್ತು. ಗಾಡಿ ಸಿಗಲಿಲ್ಲವೆಂದು ಶೋರೂಮಿನಿಂದ ಕೇಳಿ ತಿಳಿದಿದ್ದ. ಒಂದನೇ ತಾರೀಖಿನಿಂದ ಮೂರೂ ಲೈನನ್ನು ರಾಮದುರ್ಗದ ಹುಡುಗನಿಗೆ ಕೊಟ್ಟಾಗಿದೆ ಎಂದು ಹೇಳಿ, "ಬೇಜಾರ ಮಾಡ್ಕೋಬ್ಯಾಡ್ರಿ" ಎಂದ. ಆದರೂ ಮುದುಕಿ ಒಬ್ಬಳೇ ಬರಿಗಾಲಲ್ಲಿ ಹೊರಟದ್ದು ನೋಡಿ ಪೂನಮ್ ಕೆಲಸದ ಪೆಟ್ಟಿಗೆ ಹಿಡಿದುಕೊಂಡೇ ಅವಳ ಹಿಂದೆ ಬಂದಿದ್ದಳು.

ಉಮೇರ ಅವರನ್ನು ಕಂಡು ಎದ್ದು ನಿಂತ.

"ಬರಕೋ ಮಗಾ" ಎಂದಳು ಮುದಕವ್ವ. ಜೀವಮಾನವೆಲ್ಲ ಒಂದು ಹೆಸರು ಹಾಳೆಯ ಮೇಲೆ ಬೀಳದಂತೆ ಕಾದ ಹೆಂಗಸು ಈಗ ಕೌಂಟರಿನ ಗಾಜಿಗೆ ಹಣೆ ಹಚ್ಚಿ ನಿಂತಿದ್ದಳು. "ಅದಾಳ ಅಂತ ಬರಕೋ. ನನ್ನ ಮನ್ಯಾಗ ಅದಾಳ. ನಿನ್ನೆ ನಾ ತಪ್ಪ ಹೇಳೇನಿ."

ಅವನು ಕಂಪ್ಯೂಟರ್ ತಿರುಗಿಸಿ ತೋರಿಸಿದ. "ನಾ ಬರಿಯಾಕ ತಯಾರ ಅದೇನಿ ಅಜ್ಜಿ, ಇದು ತಗೊಳ್ಳೂದಿಲ್ಲ. ಒಂದ ಸಲ ಇಲ್ಲ ಅಂತ ಬಿದ್ರ ಆರ ತಿಂಗಳ ಮುಟ್ಟಾಕ ಬಿಡೂದಿಲ್ಲ."

"ಹಂಗಾರ ಹಾಳಿ ಮ್ಯಾಲೆ ಬರಿ."

"ಹಾಳಿ ಮ್ಯಾಲೆ ಬರದ್ರ ಉಪಯೋಗಿಲ್ರಿ."

"ಉಪಯೋಗ ನಿನ್ನ ಕೇಳಿಲ್ಲ. ಬರಿ ಅಂದ್ನಿ."

ಹುಡುಗ ಪೂನಮಳ ಮುಖ ನೋಡಿದ. ಅವನು ಪ್ರಿಂಟರಿನಿಂದ ಒಂದು ಬಿಳಿ ಹಾಳೆ ತೆಗೆದು, ಮುದಕವ್ವನ ಹೆಸರು, ಮನೆ ನಂಬರು ಬರೆದ. ಆಮೇಲೆ ಪೆನ್ನು ಎತ್ತಿ ಕೇಳಿದ: "ಬಾಡಗಿದವರ ಪೂರಾ ಹೆಸರ ಹೇಳ್ರಿ."

ಮುದಕವ್ವ ಬಾಯಿ ತೆರೆದಳು. "ಪೂನಮ್" ಎಂದಳು. ಅಲ್ಲಿಗೆ ನಿಂತಳು. ಐವತ್ತು ವರ್ಷದ ಹಿಂದೆ ಉತಾರದಲ್ಲಿ ಹೊಡೆದು ಹಾಕಿದ ಗಂಗೂಬಾಯಿಯ ಹೆಸರನ್ನು ಅಪ್ಪ, ಗಂಡ, ಊರಿನ ಸಮೇತ ಹೇಳಬಲ್ಲವಳು, ಇಪ್ಪತ್ತೆರಡು ತಿಂಗಳು ತನ್ನ ಗೋಡೆಯ ಆಚೆ ಮಲಗಿದವಳ ಹೆಸರು ಹೇಳಲಾರದೆ ನಿಂತಳು. ಎಂದೂ ಕೇಳಿರಲಿಲ್ಲ. ಕೇಳಿದರೆ ನೆನಪಿನಲ್ಲಿ ಉಳಿದೀತು ಎಂದು ಕೇಳಿರಲಿಲ್ಲ.

ಮೆಲ್ಲಗೆ ಹಿಂದೆ ತಿರುಗಿದಳು. "ಯವ್ವಾ, ನಿನ್ನ ಮುಂದಿನ ಹೆಸರೇನ?"

ರಾತ್ರಿಯೆಲ್ಲ ಪೂನಮ್ ಬೈಗುಳಗಳನ್ನು ಸಾಣೆ ಹಿಡಿದು ಇಟ್ಟುಕೊಂಡಿದ್ದಳು. ಈಗ ಒಂದೂ ಬಾಯಿಗೆ ಬರಲಿಲ್ಲ.

"ಪೂನಮ್ ಅಪ್ಪಾಸಾಬ ಮಗದುಮ್" ಎಂದಳು.

ಉಮೇರ ಫೈಲು ನೋಡಿದ. "ಮೇಡಂ, ಅದು ತವರಮನಿ ಹೆಸರಲ್ರಿ? ಆಧಾರದಾಗ ಬ್ಯಾರೆ ಐತಿ. ಹಿಂಗ ಬರದ್ರ ಎಲ್ಲೂ ನಡಿಯೂದಿಲ್ಲ."

"ನಡಿಯೂದಿಲ್ಲ, ಗೊತ್ತೈತಿ. ಬರೀರಿ."

ಬರೆದ. ಮುದಕವ್ವ ಪೆನ್ನು ಹಿಡಿದು, ಮೂರನೇ ಇಯತ್ತೆ ಓದಿದವಳ ಅಕ್ಷರದಲ್ಲಿ, ನಾಲಿಗೆ ಹೊರಗೆ ಹಾಕಿಕೊಂಡು ಸಹಿ ಮಾಡಿದಳು. ಆಮೇಲೆ ಓದಿ ಹೇಳು ಎಂದಳು. ಅವನು ಓದಿದ: "ಪೂನಮ್ ಅಪ್ಪಾಸಾಬ ಮಗದುಮ್ ಇವರು ನನ್ನ ಮನೆಯಲ್ಲಿ ವಾಸವಾಗಿದ್ದಾರೆ." ಮುದಕವ್ವ ಇನ್ನೊಮ್ಮೆ ಓದಿಸಿದಳು.

ಹೊರಗೆ ಸವದತ್ತಿಯ ಬಸ್ಸಿನ ಹೊತ್ತಾಗಿತ್ತು. ಮುನವಳ್ಳಿಯ ಮಷಿನ್ ಮತ್ತೆ ಕೆಟ್ಟಿತ್ತು. ಪೂನಮ್ ಯಾವ ಕಚೇರಿಗೂ ಬೇಡವಾದ ಆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಪೆಟ್ಟಿಗೆಯೊಳಗೆ ಇಟ್ಟುಕೊಂಡಳು. ಬಸ್ಸು ತುಂಬಿತ್ತು. ಪೆಟ್ಟಿಗೆಯನ್ನು ಕಾಲುಗಳ ನಡುವೆ ಇಟ್ಟು, ಮೇಲಿನ ಸರಳು ಹಿಡಿದು ನಿಂತಳು.